ಸ್ಪ್ರಿಂಗಿನ ಲಸಿಕೆಯನ್ನು ‘ಕರೆಂಟ್ ಲಸಿಕೆ’ ಎನ್ನಬೇಡಿ

ಮಾನ್ಯ ಸಂಪಾದಕರೇ,

ರೋಗಾಣುವಿನ ಪ್ರೋಟೀನೊಂದನ್ನು ತಯಾರಿಸುವ ಸೂಚನೆಯನ್ನು ನಮ್ಮ ಜೀವಕೋಶಗಳಿಗೆ ಕೊಡುವ ಡಿಎನ್‌ಎ ಲಸಿಕೆಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಬರಹವೊಂದು ನಮ್ಮ ದೇಶದ ಕೋವಿಡ್ ಲಸಿಕೆ ಝೈಕೋವ್-ಡಿಯನ್ನು ‘ಕರೆಂಟ್ ಕೊಟ್ಟು ಚರ್ಮಕ್ಕೆ ಸೇರಿಸುವ ಲಸಿಕೆ’ ಎಂದು ವರ್ಣಿಸಿದೆ. ಇದು ತಪ್ಪು. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದು, ಲಸಿಕೆಯಿಡುವ ಐಎಲ್‌ಆರ್ ಎಂಬ ಶೈತ್ಯಪೆಟ್ಟಿಗೆಯ ತಾಪಮಾನವನ್ನು ವರ್ಷಗಟ್ಟಲೆ ಬೆಳಿಗ್ಗೆ ಸಂಜೆ ಬರೆದಿಟ್ಟವನು ನಾನು. ಹಾಗಾಗಿ ಓದಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಕಂಪನಿಯ ಝೈಕೋವ್-ಡಿಗೆ ತುರ್ತು ಬಳಕೆಯ ಅನುಮತಿ ಸಿಕ್ಕಿದ್ದು 2021ರ ಆಗಸ್ಟ್ 20ರಂದು. ಮನುಷ್ಯರ ಬಳಕೆಗೆ ಒಪ್ಪಿಗೆ ಪಡೆದ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ ಅದು. ಅದನ್ನು ಕೊಡಲು ಬಳಸಿದ ಫಾರ್ಮಾಜೆಟ್ ಉಪಕರಣದಲ್ಲಿ ಸೂಜಿಯೂ ಇಲ್ಲ, ವಿದ್ಯುತ್ತೂ ಇಲ್ಲ. ಒಳಗಿನ ಸ್ಪ್ರಿಂಗ್ ಬಿಚ್ಚಿಕೊಂಡ ರಭಸಕ್ಕೆ ದ್ರವವು ಎಳೆಯಂಥ ಧಾರೆಯಾಗಿ ಚಿಮ್ಮಿ ಚರ್ಮದ ಪದರದೊಳಗೆ ಇಳಿಯುತ್ತದೆ, ಅಷ್ಟೆ.

ವಿದ್ಯುತ್ ಮಿಡಿತದ ವಿಧಾನಕ್ಕೆ ಎಲೆಕ್ಟ್ರೊಪೊರೇಷನ್ ಎಂದು ಹೆಸರು. ಅದರ ಅಗತ್ಯ ಏಕೆ ಬಂತೆಂಬುದನ್ನು ಬರಹ ವಿವರಿಸಿದ್ದರೆ ಗೊಂದಲವೇ ಆಗುತ್ತಿರಲಿಲ್ಲ. ಎಂಆರ್‌ಎನ್‌ಎ ಲಸಿಕೆಯು (ಇದೂ ಅಂಥದ್ದೇ ಸೂಚನೆ ಹೊತ್ತದ್ದು) ಜೀವಕೋಶದ ಹೊರಪೊರೆಯನ್ನು ದಾಟಿದರೆ ಸಾಕು, ಕೆಲಸ ಶುರುವಾಗುತ್ತದೆ. ಡಿಎನ್‌ಎ ಹಾಗಲ್ಲ, ಹೊರಪೊರೆ ದಾಟಿದ ಮೇಲೆ ಕೋಶಕೇಂದ್ರದ ಒಳಗೂ ಹೋಗಬೇಕು, ಮತ್ತು ಚುಚ್ಚಿದ ಡಿಎನ್‌ಎಯ ಬಹುಪಾಲು ಅಲ್ಲಿಯವರೆಗೆ ತಲುಪುವುದೇ ಇಲ್ಲ. ಫೈಝರ್ ಲಸಿಕೆಯ ಒಂದು ಡೋಸಿನಲ್ಲಿದ್ದದ್ದು 30 ಮೈಕ್ರೊಗ್ರಾಂ ಎಂಆರ್‌ಎನ್‌ಎ, ಝೈಕೋವ್-ಡಿಯ ಒಂದು ಡೋಸಿನಲ್ಲಿ 2 ಮಿಲಿಗ್ರಾಂ ಡಿಎನ್‌ಎ. ಅರುವತ್ತು ಪಟ್ಟಿಗೂ ಮಿಕ್ಕಿದ ಈ ಅಂತರವನ್ನು ನೋಡಿದರೆ ದಾರಿಯಲ್ಲಿ ಎಷ್ಟು ಪೋಲಾಗುತ್ತದೆಂದು ಊಹಿಸಬಹುದು. ಅಷ್ಟಿದ್ದೂ ಮೂರು ಡೋಸ್ ಬೇಕಾಯಿತು, ಪ್ರಯೋಗದ ಮಧ್ಯಂತರ ಫಲಿತಾಂಶದಲ್ಲಿ ಕಂಡ ರೋಗ ತಡೆಯುವ ಪರಿಣಾಮ ಶೇ 66.6.

ಚರ್ಮದೊಳಗೆ ಲಸಿಕೆ ಕೊಟ್ಟ ಜಾಗದಲ್ಲೇ ಸಣ್ಣ ಎಲೆಕ್ಟ್ರೋಡುಗಳನ್ನಿಟ್ಟು ಮಿಲಿಸೆಕೆಂಡುಗಳಲ್ಲಿ ಎಣಿಸುವಷ್ಟು ಚಿಕ್ಕ ಮಿಡಿತಗಳನ್ನು ಹಾಯಿಸಿದಾಗ, ಜೀವಕೋಶದ ಪೊರೆಯಲ್ಲಿ ಸೂಕ್ಷ್ಮ ರಂಧ್ರಗಳು ಕ್ಷಣಕಾಲ ತೆರೆದುಕೊಳ್ಳುತ್ತವೆ. ಋಣ ವಿದ್ಯುದಂಶವಿರುವ ಡಿಎನ್‌ಎಯನ್ನು ಅದೇ ವಿದ್ಯುತ್ ಕ್ಷೇತ್ರ ಪೊರೆಯತ್ತ ಎಳೆಯುತ್ತದೆ. ಬಳಿಕ ರಂಧ್ರಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಇದೇ ಮಿಡಿತವನ್ನು ಸ್ನಾಯುವಿಗೆ ಕೊಟ್ಟರೆ ಸ್ನಾಯು ಸೆಟೆದು ನೋಯುತ್ತದೆ. ರೋಗಾಣುವಿನ ಗುರುತು ಹಿಡಿದು ಸುದ್ದಿ ಮುಟ್ಟಿಸುವ ರಕ್ಷಣಾ ಕೋಶಗಳು ಚರ್ಮದಲ್ಲಿ ದಟ್ಟವಾಗಿರುವುದೂ ಚರ್ಮವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣ.

ಆದರೆ ತೊಡಕಿರುವುದು ಯಂತ್ರದಲ್ಲಿ. ಅಮೆರಿಕದ ಇನೊವಿಯೊ ಕಂಪನಿ ತನ್ನ ಕೋವಿಡ್ ಡಿಎನ್‌ಎ ಲಸಿಕೆಯನ್ನು ಇದೇ ರೀತಿ ಚರ್ಮದ ಮೂಲಕ ಪ್ರಯೋಗಿಸಿತು. 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಮುಂದಿನ ಹಂತದ ಪ್ರಯೋಗಕ್ಕೆ ತಡೆಯೊಡ್ಡಿ ಕೇಳಿದ ಪ್ರಶ್ನೆಗಳಲ್ಲಿ ಮಿಡಿತ ಕೊಡುವ ಉಪಕರಣದ ಕುರಿತ ಪ್ರಶ್ನೆಯೂ ಇತ್ತು. ಆ ಲಸಿಕೆ ಕೊನೆಗೂ ಜನರ ಬಳಕೆಗೆ ಬರಲಿಲ್ಲ. ನಮ್ಮ ಸ್ಪ್ರಿಂಗ್ ಉಪಕರಣವೇನೂ ಪುಕ್ಕಟೆ ಬಂದದ್ದಲ್ಲ: ಸರ್ಕಾರಕ್ಕೆ ಝೈಕೋವ್-ಡಿ ಡೋಸೊಂದಕ್ಕೆ ನಿಗದಿಯಾದ 358 ರೂಪಾಯಿಯಲ್ಲಿ 93 ರೂಪಾಯಿ ಉಪಕರಣದ ಬಾಬ್ತು.

2021ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಮತ್ತು ಎಮರಿ ವಿಶ್ವವಿದ್ಯಾಲಯಗಳ ಸಂಶೋಧಕರು ಮಿಡಿತದ ಯಂತ್ರದ ಈ ತೊಡಕಿಗೊಂದು ಸೊಗಸಾದ ಉತ್ತರ ಹುಡುಕಿದರು. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರನ್ನು ಒತ್ತಿದಾಗ ಕಿಡಿ ಹಾರಿಸುವ ಹರಳಿನ ತಂತ್ರವನ್ನೇ ಬಳಸಿ, ಬ್ಯಾಟರಿ ಬೇಡದ, ಒಂದು ಡಾಲರಿಗಿಂತ ಕಡಿಮೆ ಖರ್ಚಿನ ಪುಟ್ಟ ಸಾಧನವನ್ನು ಅವರು ಮಾಡಿದರು. ತುದಿಯಲ್ಲಿರುವ ಸೂಕ್ಷ್ಮ ಸೂಜಿಗಳು ಒತ್ತೊತ್ತಾಗಿ ಇರುವುದರಿಂದ ಮಿಡಿತವು ಚರ್ಮದ ಮೇಲ್ಪದರದಲ್ಲೇ ಉಳಿಯುತ್ತದೆ. ಇಲಿಗಳಲ್ಲಿ, ಮಿಡಿತವಿಲ್ಲದೆ ಚುಚ್ಚಿದಾಗಿನದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಿನ ರೋಗನಿರೋಧಕ ಪ್ರತಿಕ್ರಿಯೆ ಕಂಡಿತು. ಇಲಿಗಳಲ್ಲಿ ಎಂಬ ಮಾತನ್ನು ಮರೆಯಬಾರದು. ಡಿಎನ್‌ಎ ಲಸಿಕೆಗಳು ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಮಂಕಾದದ್ದು ಈ ಕ್ಷೇತ್ರದ ಹಳೆಯ ಕಥೆ.

ಡಿಎನ್‌ಎ ಲಸಿಕೆ ಹಳ್ಳಿಗಳಿಗೆ ಹೇಳಿ ಮಾಡಿಸಿದ್ದೆಂಬ ಬರಹದ ಉತ್ಸಾಹವನ್ನೂ ನಾನು ಅರ್ಧಕ್ಕೆ ಮಾತ್ರ ಒಪ್ಪುತ್ತೇನೆ. ಝೈಕೋವ್-ಡಿ 25 ಡಿಗ್ರಿಯಲ್ಲೂ ಮೂರು ತಿಂಗಳು ಕೆಡದೆ ಉಳಿಯುತ್ತದೆಂದು ಕಂಪನಿ ಹೇಳಿದಾಗ, ಕರೆಂಟ್ ಹೋದ ರಾತ್ರಿಗಳಲ್ಲಿ ಐಸ್‌ಪ್ಯಾಕ್ ಎಣಿಸುತ್ತ ಕೂತ ನನ್ನಂಥವರಿಗೆ ಅದು ಸಣ್ಣ ಮಾತಾಗಿರಲಿಲ್ಲ. ಆದರೆ ಬ್ಯಾಟರಿಯಿಂದ ನಡೆಯುವ ಮಿಡಿತದ ಉಪಕರಣಕ್ಕೆ ಚಾರ್ಜ್ ಬೇಕು, ಪ್ರತಿಯೊಬ್ಬರಿಗೂ ಹೊಸ ಎಲೆಕ್ಟ್ರೋಡ್ ತುದಿ ಬೇಕು, ಲಸಿಕೆ ಹಾಕುವ ಎಎನ್‌ಎಂ ಸಹೋದರಿಯರಿಗೆ ತರಬೇತಿ ಬೇಕು. ಶೈತ್ಯಪೆಟ್ಟಿಗೆಯಲ್ಲಿ ಉಳಿಸಿದ್ದನ್ನು ಯಂತ್ರಕ್ಕೆ ಸುರಿಯುವ ಲೆಕ್ಕವನ್ನು ಯಾರೂ ಬರೆಯುವುದಿಲ್ಲ.

ಕೋವಿಡ್ ಕಾಲದಲ್ಲಿ ಲಸಿಕೆಯ ಜೀಪು ಬಂತೆಂದರೆ ತೋಟದ ಹಾದಿ ಹಿಡಿಯುತ್ತಿದ್ದವರನ್ನು ನಾನು ಕಂಡಿದ್ದೇನೆ. ಅಂಥವರ ಕಿವಿಗೆ ‘ಕರೆಂಟ್ ಲಸಿಕೆ’ ಎಂಬ ಹೆಸರು ಬಿದ್ದರೆ ಮುಂದೆ ನಿಜವಾಗಿಯೂ ಒಳ್ಳೆಯ ಲಸಿಕೆ ಬಂದಾಗ ಅವರನ್ನು ಒಪ್ಪಿಸುವ ಕಷ್ಟ ಆಶಾ ಕಾರ್ಯಕರ್ತೆಯರ ಪಾಲಿಗೆ ಬರುತ್ತದೆ. ಆದ್ದರಿಂದ ಝೈಕೋವ್-ಡಿ ಕುರಿತ ಆ ಸಾಲಿಗೆ ತಿದ್ದುಪಡಿಯನ್ನು, ಬರಹ ಬಂದ ಪುಟದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಫಾರ್ಮಸಿಸ್ಟ್, ಸಾಗರ