ಕಣ ಬಿಟ್ಟುಕೊಟ್ಟವರಿಗೆ, ಮತ್ತು ಉಳಿದೆಲ್ಲರಿಗೆ

ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರಿಗೂ ನಮ್ಮ ಊರಿನ ಸಮಸ್ತ ಗುರುಹಿರಿಯರಿಗೂ ವಂದನೆಗಳು.

ಗದಗ-ಬೆಟಗೇರಿ ಸೀಮೆಯ ನಮ್ಮ ಪುಟ್ಟ ಕ್ರೈಸ್ತ ಸಭೆಯ ಬಯಲು ಸುವಾರ್ತಾ ಕೂಟಗಳು ಯಾವ ತಂಟೆ ತಕರಾರಿಲ್ಲದೆ ಮುಗಿದವು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದಾಗ ನಿಂತುಹೋಗಿದ್ದ ಕೂಟ ಇದು. ಆಮೇಲೆ ಒಂದು ವರ್ಷ ದುಡ್ಡಿರಲಿಲ್ಲ, ಇನ್ನೊಂದು ವರ್ಷ ಧೈರ್ಯ ಇರಲಿಲ್ಲ. ಈ ಸಲ ಎರಡೂ ಕೂಡಿ ಬಂದವು ಅಂತಲ್ಲ, ಕೈಹಿಡಿದು ನಡೆಸಿದವರಿದ್ದರು. ಅವರಲ್ಲಿ ಹೆಚ್ಚಿನವರು ನಮ್ಮ ಸಭೆಯವರಲ್ಲ. ಭಾನುವಾರದ ಆರಾಧನೆಯಲ್ಲಿ ನಾವು ಹೇಳಿಕೊಂಡ ವಂದನೆ ಅವರ ಕಿವಿಗೆ ಬೀಳುವಂಥದ್ದಲ್ಲ, ಅದಕ್ಕೇ ಎಲ್ಲರ ಕಣ್ಣಿಗೆ ಬೀಳಲಿ ಅಂತ ಈ ಬರಹ. ಯಾರ ಹೆಸರೂ ಹಾಕಿಲ್ಲ. ಕೆಲವರು ಬೇಡ ಅಂದರು, ಊರಿನವರಿಗೆ ಹೆಂಗೂ ಗೊತ್ತೇ ಇದೆ.

ಮೊದಲ ವಂದನೆ ರಾಶಿ ಮಾಡುವ ಕಣದ ಯಜಮಾನರಿಗೆ.

ಮೈದಾನ ಕೊಡುತ್ತೇವೆ ಅಂದಿದ್ದವರು ಪೆಂಡಾಲಿನ ಮುಂಗಡ ಕೊಟ್ಟ ಮೇಲೆ ಆಗುವುದಿಲ್ಲ ಅಂದರು. ಅವರಿಗೂ ಅವರದೇ ಒತ್ತಡ ಇದ್ದಿರಬೇಕು, ಅದನ್ನು ಇಲ್ಲಿ ಕೆದಕುವುದಿಲ್ಲ. ನಮ್ಮ ಯೌವನಸ್ಥರು ಚಹಾದ ಅಂಗಡಿ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದನ್ನು ಕಂಡು, ಊರ ಹೊರಗೆ ಹೊಲ ಇರುವ ಹಿರಿಯರೊಬ್ಬರು ತಾವಾಗಿಯೇ ಕೇಳಿದರು. "ರಾಶಿ ಮುಗದೈತಿ, ಕಣ ಖಾಲಿ ಬಿದ್ದೈತಿ, ಮಾಡ್ಕೋರಿ. ಆದ್ರ ಚಪ್ಪಲಿ ಹಾಕ್ಕೊಂಡು ತುಳೀಬ್ಯಾಡ್ರಿ, ಮೇಟಿಗೆ ಏನೂ ಕಟ್ಟಬ್ಯಾಡ್ರಿ." ಈಗ ಮಷಿನ್ ಬಂದು ಹೊಲದಲ್ಲೇ ರಾಶಿ ಆಗಿಬಿಡುತ್ತದೆ, ರಸ್ತೆ ಮೇಲೆ ಜೋಳದ ತೆನೆ ಹರವಿ ವಾಹನಗಳ ಗಾಲಿಗೆ ಬಿಡುವವರೂ ಇದ್ದಾರೆ. ಇವರು ಮಾತ್ರ ಕಣ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು ಬಿಳಿಜೋಳದ ರಾಶಿ ಮಾಡುವ ಹಳೇ ಜೀವ.

ಕಣದ ಸುದ್ದಿ ಕೇಳಿ ನಮ್ಮವರಲ್ಲೇ ಒಂದಿಬ್ಬರು ಮೂಗು ಮುರಿದರು. ಮೇಟಿಗೆ ಪೂಜೆ ಮಾಡುವ ಜಾಗದಲ್ಲಿ ನಾವು ಪ್ರಾರ್ಥನೆ ಮಾಡುವುದೇ ಅಂತ. ನಮ್ಮ ಸಭಾಪಾಲಕರು, ಅಂದರೆ ಪಾಸ್ಟರ್, ಜಗಳಕ್ಕೆ ಹೋಗಲಿಲ್ಲ, ಬೈಬಲಿನ ಎರಡನೆಯ ಸಮುವೇಲನ ಪುಸ್ತಕದ ಕೊನೆಯ ಅಧ್ಯಾಯ ತೆಗೆದು ಓದಿದರು. ಇಸ್ರಾಯೇಲಿನ ಅರಸ ದಾವೀದ ಯಜ್ಞವೇದಿ ಕಟ್ಟಿದ್ದು ಯೆಬೂಸಿಯನಾದ ಅರೌನನ ಕಣದಲ್ಲಿ. ಅವನ ಮಗ ಸೊಲೊಮೋನನ ದೇವಾಲಯ ಎದ್ದದ್ದೂ ಅಲ್ಲಿಯೇ ಎನ್ನುತ್ತದೆ ಬೈಬಲಿನ ಪೂರ್ವಕಾಲವೃತ್ತಾಂತ. ಅರೌನ ಇಸ್ರಾಯೇಲ್ಯನಲ್ಲ, ಹೊರಗಿನವನು. ಹಾಗಿದ್ದೂ ಕಣ, ಎತ್ತು, ಉರುವಲಿಗೆ ತೆನೆ ಒಕ್ಕುವ ಹಂತಿಯ ಸಾಮಾನು ಎಲ್ಲ ತೆಗೆದುಕೋ ಅಂದ. ದಾವೀದ ಪುಕ್ಕಟೆ ಒಲ್ಲೆನೆಂದು ಐವತ್ತು ಶೆಕೆಲ್ ಬೆಳ್ಳಿ ಎಣಿಸಿದ. ನಾವೂ ಬಾಡಿಗೆ ಎಣಿಸಲು ಹೋದೆವು, ನಮ್ಮ ಯಜಮಾನರು ಮುಟ್ಟಲಿಲ್ಲ. ಕೊನೆಗೆ ಸ್ತ್ರೀಯರ ಕೂಟದ ಅಕ್ಕಂದಿರು ಮರುದಿನ ಹೋಗಿ ಇಡೀ ಕಣವನ್ನು ಮತ್ತೆ ಸಾರಿಸಿ ಬಂದರು. ಅದನ್ನು ಅವರು ಬೇಡ ಅನ್ನಲಿಲ್ಲ.

ಠಾಣೆಯ ಸಾಹೇಬರಿಗೂ ಪಂಚಾಯಿತಿಯ ಸದಸ್ಯರಿಗೂ ವಂದನೆ. ಅರ್ಜಿ ಕೊಟ್ಟಾಗ ನಾಕು ಮಾತು ಕೇಳಿದರು, ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದರು, ಅನುಮತಿ ಕೊಟ್ಟರು. ನಮ್ಮ ಹುಡುಗರಿಗೆ ಒಂದು ಮಾತು ಹೇಳಲೇಬೇಕು. ಮಾತೆತ್ತಿದರೆ ಸಂವಿಧಾನದ 25ನೇ ವಿಧಿ ಅನ್ನುತ್ತೀರಿ, ಸರಿ. ಧರ್ಮವನ್ನು ನಂಬುವ, ಆಚರಿಸುವ, ಸಾರುವ ಹಕ್ಕು ಅಲ್ಲಿದೆ. ಆದರೆ ಆ ವಿಧಿ ಶುರುವಾಗುವುದೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಅಂತ. ಅದನ್ನೂ ಓದಿಕೊಳ್ಳಿ. ಶಬ್ದ ಮಾಲಿನ್ಯದ 2000ರ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮೈಕ್ ಹಚ್ಚುವಂತಿಲ್ಲ. ನಾವು 9ಕ್ಕೇ ಬಂದ್ ಮಾಡಿದೆವು, ಎಸ್ಸೆಸ್ಸೆಲ್ಸಿ ಮಕ್ಕಳು ಓದುವ ಹೊತ್ತು ಅಂತ ಶಾಲೆಯ ಗುರುಗಳೊಬ್ಬರು ಹೇಳಿಕಳಿಸಿದ್ದರು. ಹಾರ್ನ್ ಬೇಡ, ಬಾಕ್ಸ್ ಸಾಕು ಎಂದು ತಾನೇ ಹೇಳಿ, ಬಾಕ್ಸಿನ ಮುಖವನ್ನು ಊರ ಕಡೆಗಲ್ಲದೆ ಹೊಲದ ಕಡೆಗೆ ತಿರುಗಿಸಿಟ್ಟ ಸೌಂಡ್ ಸಿಸ್ಟಮ್‌ನ ಮುಸ್ಲಿಂ ತಮ್ಮನಿಗೆ ವಿಶೇಷ ವಂದನೆ. ಅವನ ಲೆಕ್ಕದಲ್ಲಿ ಇನ್ನೂ ಅರ್ಧ ಬಾಕಿ ಇದೆ, ತಮ್ಮಾ, ಮರೆತಿಲ್ಲ.

ಹಾಡಿನವರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಕೀಬೋರ್ಡು, ಪ್ಯಾಡು ತರಿಸೋಣ ಎಂಬ ಮಾತಿತ್ತು. ನಮ್ಮ ಹಿರಿಯರೊಬ್ಬರು ಪಟ್ಟು ಹಿಡಿದು ಹಾರ್ಮೋನಿಯಂ, ತಬಲಾ, ತಾಳ ಸಾಕೆಂದರು. ಈ ಕಡೆ ಬಯಲಲ್ಲಿ ಸುವಾರ್ತೆ ಸಾರುವುದು ನಿನ್ನೆ ಮೊನ್ನೆಯದಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ. ಸಂತೆ, ಜಾತ್ರೆ ಅಂತ ಊರೂರು ತಿರುಗಿ ಸಾರಿದರು. ಬಿಳಿ ಮುಖದವರು ಏನು ಹೇಳುತ್ತಾರೆಂದು ಜನ ಸೇರುತ್ತಿದ್ದರೇ ಹೊರತು ಅವರ ದೇಶದ ರಾಗ ಎಲ್ಲರಿಗೂ ಹಿಡಿಸುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ನಿಘಂಟಿನ ಕಿಟೆಲ್ ಅವರು 1862ರಲ್ಲೇ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಹಾಡಿದ್ದು ಸುಮ್ಮನೆ ಅಲ್ಲ. ನಮ್ಮ ಹಿರಿಯರು ಹೇಳಿದ್ದು ಸರಿಯಾಯಿತು. ತಬಲಾದ ಸದ್ದು ಕೇಳಿ ಪಕ್ಕದ ಓಣಿಯ ಭಜನಾ ಮೇಳದ ಅಜ್ಜ ಬಂದು ಕೂತರು. ಎರಡನೆಯ ಕೀರ್ತನೆಗೆ ಯಾರೂ ಕೊಡದೆಯೇ ತಾಳ ಎತ್ತಿಕೊಂಡರು. ನಮ್ಮ ಹುಡುಗ ಲಯ ಓಡಿಸಿದಾಗಲೆಲ್ಲ ಮೊಣಕಾಲ ಮೇಲೆ ಅಂಗೈ ತಟ್ಟಿ ತಟ್ಟಿ ಅವನನ್ನು ಹಿಂದಕ್ಕೆ ಎಳೆದು ತಂದರು. ಅಜ್ಜಾರ, ನಿಮಗೆ ಶರಣು.

ಚಪ್ಪಲಿ ಬಿಟ್ಟು ಒಳಗೆ ಬಂದು ಜಮಖಾನದ ಮೇಲೆ ಕೂತವರು ಬಹಳಮಟ್ಟಿಗೆ ನಮ್ಮವರೇ. ಕೇಳಲು ಬಂದವರು ಕಣದ ಅಂಚಿನಲ್ಲಿ, ಬೆಳಕು ಮುಗಿಯುವ ಕಡೆ, ಬೈಕಿಗೆ ಒರಗಿಕೊಂಡು ನಿಂತಿದ್ದರು. ಬಯಲು ಕೂಟ ಮಾಡಿದವರಿಗೆಲ್ಲ ಇದು ಗೊತ್ತಿರುವುದೇ. ಆ ನಿಂತವರಿಗೂ ವಂದನೆ, ಯಾಕೆಂದರೆ ಒಳ್ಳೆಯ ಪ್ರಶ್ನೆ ಅಲ್ಲಿಂದಲೇ ಬಂತು. ಸಭಾಪಾಲಕರು ಲೂಕನ ಸುವಾರ್ತೆಯ 15ನೇ ಅಧ್ಯಾಯದ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ, ಹೇಳುತ್ತಿದ್ದರು. ಪಾಲು ತೆಗೆದುಕೊಂಡು ಹೋದ ಕಿರಿಯ ಮಗ, ಹಂದಿ ಮೇಯಿಸಿದ್ದು, ತಿರುಗಿ ಬಂದದ್ದು, ಅಪ್ಪ ಓಡಿ ಹೋಗಿ ತಬ್ಬಿಕೊಂಡದ್ದು. ನಮ್ಮವರೆಲ್ಲ ಆಮೆನ್ ಅಂದರು. ಕತ್ತಲಿಂದ ಒಬ್ಬರು ಜೋರಾಗಿ ಕೇಳಿದರು:

"ಅಲ್ರೀ ಸರ, ಹೊಲದಾಗ ದುಡಿದ ಹಿರೇ ಮಗಂದು ಏನ್ ತಪ್ಪರಿ?"

ನಗು ಎದ್ದಿತು. ಕೇಳಿದವರು ನಗಲಿಲ್ಲ. ತಮ್ಮಂದಿರ ಜೊತೆ ಪಾಲಿನ ವ್ಯಾಜ್ಯದಲ್ಲಿ ಕೋರ್ಟಿಗೆ ಅಡ್ಡಾಡುವ ರೈತರು ಅವರು. ಸಭಾಪಾಲಕರು ಮೈಕ್ ಕೆಳಗಿಟ್ಟು ಅಂಚಿನವರೆಗೆ ನಡೆದು ಹೋದರು. "ತಪ್ಪು ಅಂತ ಯೇಸುಸ್ವಾಮಿನೂ ಹೇಳಿಲ್ಲ ಯಜಮಾನ್ರ. ಒಂದು ಆಡಿನ ಮರಿನೂ ಕೊಡಲಿಲ್ಲ ಅಂತ ಅವ ಸಿಟ್ಟಾಗಿ ಹೊರಗ ನಿಂತ. ಅವನನ್ನ ಕರಿಯಾಕನೂ ಅಪ್ಪನ ಎದ್ದು ಹೊರಗ ಬಂದ. ಅವ ಒಳಗ ಹ್ವಾದನೋ ಇಲ್ಲೋ, ಅದನ್ನ ಬರೆದಿಲ್ಲ." ಕೂಟ ಮುಗಿದ ಮೇಲೂ ಅವರಿಬ್ಬರೂ ಬದುವಿನ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೆಂದು ನಾನು ಕೇಳಿಲ್ಲ.

ಎಷ್ಟು ಜನ ಕೈ ಎತ್ತಿದರು, ಎಷ್ಟು ಜನ ಯೇಸುವನ್ನು ನಂಬುವ ನಿರ್ಣಯ ಮಾಡಿದರು ಎಂದು ಬೇರೆ ಊರಿನ ಸಹೋದರರು ಫೋನಿನಲ್ಲಿ ಕೇಳುತ್ತಿದ್ದಾರೆ. ನಾವು ಎಣಿಸಿಲ್ಲ. ವಾಸಿಯಾಗದ ರೋಗ ವಾಸಿ ಮಾಡುತ್ತೇವೆ ಎಂದು ಬ್ಯಾನರ್ ಹಾಕಿಸಲಿಲ್ಲ, ಬಯಲಲ್ಲಿ ಕಾಣಿಕೆ ಚೀಲ ತಿರುಗಿಸಲಿಲ್ಲ. ಪ್ರಾರ್ಥನೆ ಬೇಕೆಂದು ಕೇಳಿದವರಿಗೆ ಪ್ರಾರ್ಥನೆ ಮಾಡಿದೆವು, ಮೈಯಲ್ಲಿ ಹುಷಾರಿಲ್ಲ ಅಂದವರಿಗೆ ದವಾಖಾನೆಗೂ ಹೋಗಿ ಬನ್ನಿ ಅಂದೆವು. ಇದಕ್ಕೆ ನಂಬಿಕೆ ಕಡಿಮೆ ಅಂತ ಹೆಸರಿಡುವವರು ಇಡಲಿ.

ಇನ್ನು ನಮ್ಮವರು. ಮಗ್ಗದ ಕೂಲಿಯಲ್ಲಿ ಉಳಿಸಿ ತಂದುಕೊಟ್ಟವರು, ರಾತ್ರಿ ಪಾಳಿ ಮುಗಿಸಿ ಕಣ್ಣಲ್ಲಿ ನಿದ್ದೆ ಇಟ್ಟುಕೊಂಡೇ ಒಗ್ಗರಣೆ ಮಂಡಕ್ಕಿಗೆ ಉಳ್ಳಾಗಡ್ಡಿ ಹೆಚ್ಚಿದ ನರ್ಸ್ ಅಕ್ಕಂದಿರು, ಜಮಖಾನ ಝಾಡಿಸಿ ಮಡಿಚಿದ ಸಂಡೇಸ್ಕೂಲ್ ಮಕ್ಕಳು, ಬಂದವರಿಗೆಲ್ಲ ಚಹಾ ಮುಟ್ಟಿಸಿ ತಾನು ಕುಡಿಯುವುದನ್ನೇ ಮರೆತ ಪಾಸ್ಟರಮ್ಮ. ಎಲ್ಲರನ್ನೂ ಕರ್ತನು ಆಶೀರ್ವದಿಸಲಿ.

ಜಮಾ-ಖರ್ಚಿನ ಪಟ್ಟಿಯನ್ನು ಚರ್ಚಿನ ಬಾಗಿಲ ಪಕ್ಕದ ಫಲಕಕ್ಕೆ ಹಚ್ಚಿದ್ದೇವೆ, ಯಾರು ಬೇಕಾದರೂ ನೋಡಬಹುದು. ಹೊಸ ಒಡಂಬಡಿಕೆ ಕೇಳಿ ಹೆಸರು ಬರೆಸಿದವರ ಪ್ರತಿಗಳು ಬಂದಿವೆ. ಭಾನುವಾರ ಆರಾಧನೆ ಬಿಟ್ಟ ಮೇಲೆ ಬಂದು ತೆಗೆದುಕೊಂಡು ಹೋಗಿ. ಒಳಗೆ ಬರುವುದು ಬೇಡವೆನ್ನಿಸಿದರೆ ಚಹಾದ ಅಂಗಡಿಯಲ್ಲಿ ಹೇಳಿ ಕಳಿಸಿ, ಅಲ್ಲಿಗೇ ತಂದುಕೊಡುತ್ತೇವೆ.

ಸಭೆಯ ಪರವಾಗಿ,
ಕಾರ್ಯದರ್ಶಿ