ಬ್ಲಾಕ್‌ಚೈನ್ ಕಲಿಯಲು ಅಸಲಿ ದುಡ್ಡು ಬೇಡ

ಮಾನ್ಯ ಸಂಪಾದಕರೇ,

ಬೆಟಗೇರಿಯ ನೇಕಾರರ ಮನೆಯ ಹುಡುಗನೊಬ್ಬ ಕಳೆದ ತಿಂಗಳು ನಮ್ಮ ಲ್ಯಾಬಿಗೆ ಬಂದು ತಲೆ ತಗ್ಗಿಸಿ ನಿಂತ. ಬ್ಲಾಕ್‌ಚೈನ್ (ಹಲವು ಕಂಪ್ಯೂಟರುಗಳು ಒಟ್ಟಾಗಿ ಇಡುವ, ಸುಲಭಕ್ಕೆ ತಿದ್ದಲಾಗದ ಲೆಕ್ಕದ ಪುಸ್ತಕ) ಅಭ್ಯಾಸಕ್ಕೆ ಈಥೀರಿಯಂ ಎಂಬ ಜಾಲದ ನಾಣ್ಯವಾದ ಈಥರ್ ಸ್ವಲ್ಪ ಖರೀದಿಸಬೇಕೆಂದು ಹುಬ್ಬಳ್ಳಿಯ ತರಬೇತಿ ಕೇಂದ್ರವೊಂದರಲ್ಲಿ ಹೇಳಿದ್ದರಂತೆ. ಅಪ್ಪನ ಕಡೆ ಎರಡು ಸಾವಿರ ಇಸ್ಕೊಂಡು ಖರೀದಿಸಿ, ಪಾಠದಲ್ಲಿ ತೋರಿಸಿದ ಖಾತೆಗೇ ಕಳಿಸಿದ್ದಾನೆ. ಹಣ ಅಲ್ಲಿ ನಿಲ್ಲಲೇ ಇಲ್ಲ.

ಆ ಖಾತೆ ಹಾರ್ಡ್‌ಹ್ಯಾಟ್ ಎಂಬ ಉಚಿತ ತಂತ್ರಾಂಶದ್ದು. ಅದನ್ನು ಚಾಲೂ ಮಾಡಿದರೆ ನಮ್ಮ ಕಂಪ್ಯೂಟರಿನೊಳಗೇ ಒಂದು ಪುಟ್ಟ ಈಥೀರಿಯಂ ಜಾಲ ಎದ್ದು ನಿಲ್ಲುತ್ತದೆ; 20 ಖಾತೆ, ಒಂದೊಂದರಲ್ಲಿ 10,000 ಹುಸಿ ಈಥರ್. ಆದರೆ ಅವುಗಳ ಬೀಗ ತೆಗೆಯುವ ರಹಸ್ಯ ಪದಗಳು ಜಗತ್ತಿಗೆಲ್ಲ ಒಂದೇ: ಹನ್ನೊಂದು ಸಲ ‘ಟೆಸ್ಟ್’, ಕೊನೆಗೊಂದು ‘ಜಂಕ್’. ಅಸಲಿ ಜಾಲದಲ್ಲಿ ಆ ವಿಳಾಸಕ್ಕೆ ಕಾಸು ಬಿದ್ದ ತಕ್ಷಣ ಬಾಚಿಕೊಳ್ಳಲು ಬಾಟ್‌ಗಳೆಂಬ ಸ್ವಯಂಚಾಲಿತ ಪ್ರೋಗ್ರಾಂಗಳು ಕಾದಿರುತ್ತವೆ. ಇದನ್ನು ಮೊದಲ ದಿನವೇ ಹೇಳದೆ ಪಾಠ ಮಾಡುವುದು ಅನ್ಯಾಯ.

ನಾನು ಗದಗಿನಲ್ಲಿ ಗಣಕ ವಿಜ್ಞಾನ ಕಲಿಸುವವಳು. ಹಾರ್ಡ್‌ಹ್ಯಾಟ್, ಅದು ಓಡಲು ಬೇಕಾದ ನೋಡ್ ಜೆಎಸ್, ಕಾಂಟ್ರ್ಯಾಕ್ಟ್ ಭಾಷೆಯ ಕಂಪೈಲರ್ ಮೂರನ್ನೂ ಒಮ್ಮೆ ಇಳಿಸಿಕೊಂಡರೆ ಮುಂದೆ ಇಂಟರ್ನೆಟ್ ಕೈಕೊಟ್ಟರೂ ಕೆಲಸ ನಿಲ್ಲುವುದಿಲ್ಲ. ಈಥರ್ ಇಡುವ ಬ್ರೌಸರಿನ ಪರ್ಸು ಮೆಟಾಮಾಸ್ಕ್‌ನಲ್ಲಿ ಈ ಪುಟ್ಟ ಜಾಲದ ಗುರುತುಗಳಾದ ಪೋರ್ಟ್ 8545, ಚೈನ್ ಐಡಿ 31337 ತುಂಬಿದರೆ ಸಾಕು. ಕರೆಂಟ್ ಹೋದರೆ ಮಾತ್ರ ಅಲ್ಲಿಯವರೆಗಿನ ಬ್ಲಾಕುಗಳೆಲ್ಲ ಅಳಿಸಿ ಹೋಗುತ್ತವೆ. ಆಮೇಲೆ ಮೆಟಾಮಾಸ್ಕ್ ವಹಿವಾಟುಗಳ ಹಳೆಯ ಎಣಿಕೆಯನ್ನೇ ಹಿಡಿದು ತಕರಾರು ತೆಗೆಯುತ್ತದೆ. ಅದರ ಚಟುವಟಿಕೆ ದಾಖಲೆ ಅಳಿಸಬೇಕು. ಹಾರ್ಡ್‌ಹ್ಯಾಟ್‌ನಂಥದ್ದೇ ಇನ್ನೊಂದು ತಂತ್ರಾಂಶ ಅನ್ವಿಲ್ ಬಳಸುವವರು ಜಾಲದ ಸ್ಥಿತಿಯನ್ನು ಕಡತವೊಂದರಲ್ಲಿ ಉಳಿಸಿಕೊಳ್ಳಬಹುದು. ಇನ್ನೂ ಗನಾಶ್ ಎಂಬ ಇಂಥದ್ದೇ ಹಳೆಯ ತಂತ್ರಾಂಶ ಹಾಕಿಕೊಂಡು ಕಲಿಸುವವರಿದ್ದಾರೆ. ಅದನ್ನು ಮಾಡಿದವರೇ 2023ರಲ್ಲಿ ಕೈಬಿಡುವುದಾಗಿ ಘೋಷಿಸಿದ್ದಾರೆ, ಲ್ಯಾಬ್ ಕೈಪಿಡಿ ತಿದ್ದಲಿ.

1905ರಲ್ಲಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮದೇ ಜಿಲ್ಲೆಯದು. ಹಾಗಾಗಿ ನಮ್ಮ ಮಕ್ಕಳು ಬರೆದ ಮೊದಲ ಕಾಂಟ್ರ್ಯಾಕ್ಟ್ (ಜಾಲದ ಮೇಲೆ ತಾನೇ ನಡೆಯುವ ಪ್ರೋಗ್ರಾಂ) ಸೊಸೈಟಿ ಸಾಲದ ಕಂತಿನ ಲೆಕ್ಕ. ಒಬ್ಬಳು ಕಟ್ಟಿದ ಕಂತನ್ನು ಇನ್ನೊಬ್ಬಳು ತಿದ್ದಲು ಹೋದಾಗ ಜಾಲ ಒಪ್ಪಲಿಲ್ಲ. ಆಗ ಅವರ ಮುಖ ನೋಡಬೇಕಿತ್ತು! ಇಡೀ ಪಾಠಕ್ಕೆ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ.

ಪಾಲಕರೇ, ಕಲಿಕೆಗೆಂದು ಯಾರಾದರೂ ನಾಣ್ಯ ಖರೀದಿಸಲು ಹೇಳಿದರೆ ದಯವಿಟ್ಟು ಕೊಡಬೇಡಿ. ಅವಳಿ ನಗರ, ಗದಗ, ಹಾವೇರಿಯ ಕಾಲೇಜುಗಳು ಲ್ಯಾಬಿನ ಒಂದೇ ಯಂತ್ರದಲ್ಲಿ ಹಾರ್ಡ್‌ಹ್ಯಾಟ್ ಹಾಕಿ, ಉಳಿದವನ್ನು ಅದಕ್ಕೆ ಜೋಡಿಸಿದರೂ ಸಾಕು. ಕರೆದರೆ ಶನಿವಾರ ಮಧ್ಯಾಹ್ನ ನಾನೇ ಬಂದು ಹಾಕಿಕೊಡುತ್ತೇನೆ.

– ಉಪನ್ಯಾಸಕಿ, ಬೆಟಗೇರಿ, ಗದಗ