ಮೊದಲು ಸಾಕ್ಷ್ಯ ಉಳಿಸಿ, ಆಮೇಲೆ ರಿಪೋರ್ಟ್ ಒತ್ತಿ

ಮಾನ್ಯ ಸಂಪಾದಕರೇ,

ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ತಂದ ತಿದ್ದುಪಡಿ 2026ರ ಫೆಬ್ರುವರಿ 20ರಿಂದ ಜಾರಿಯಲ್ಲಿದೆ. ಜಾಲತಾಣದ ಕೆಟ್ಟ ಪೋಸ್ಟೆಲ್ಲ ಇನ್ನು ಮೂರೇ ಗಂಟೆಯಲ್ಲಿ ಮಾಯವಾಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. 3 ಗಂಟೆಯ ಗಡುವು ನ್ಯಾಯಾಲಯದ ಆದೇಶಕ್ಕೆ, ಇಲ್ಲವೇ ಸರ್ಕಾರದ ಅಧಿಕೃತ ಸೂಚನೆಗೆ ಮಾತ್ರ. ಆ ಸೂಚನೆ ಪೊಲೀಸ್ ಇಲಾಖೆಯಿಂದ ಹೋಗುವುದಾದರೆ ಡಿಐಜಿ ದರ್ಜೆಗಿಂತ ಕೆಳಗಿನವರು ಕಳಿಸುವಂತಿಲ್ಲ. ಸಾಮಾನ್ಯರ ದೂರನ್ನು ಕಂಪನಿಯ ಕುಂದುಕೊರತೆ ಅಧಿಕಾರಿ ಸಾಮಾನ್ಯವಾಗಿ 7 ದಿನದೊಳಗೆ ಇತ್ಯರ್ಥ ಮಾಡಬೇಕು. ಮೊದಲು 15 ದಿನವಿತ್ತು. ದೂರುದಾರರ ನಗ್ನ ಚಿತ್ರ, ಅವರ ಹೆಸರಿನ ನಕಲಿ ಖಾತೆ, ಅವರ ಮುಖ ಅಂಟಿಸಿ ತಯಾರಿಸಿದ ಚಿತ್ರ, ಇಂಥವಕ್ಕೆ 24 ಗಂಟೆಯಿದ್ದದ್ದು ಈಗ 2 ಗಂಟೆಗೆ ಇಳಿದಿದೆ.

ಬೇಗ ತೆಗೆಯುವುದು ಒಳ್ಳೆಯದೇ. ಆದರೆ ರಿಪೋರ್ಟ್ ಒತ್ತಿದ ಮೇಲೆ ಪೋಸ್ಟ್ ಹೋಗುತ್ತದೆ, ಹಲವು ಸಲ ಖಾತೆಯೂ ಹೋಗುತ್ತದೆ. ಮಾರನೇ ದಿನ ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಬಸ್ಸು ಹತ್ತಿ ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಬಂದವರ ಕೈಯಲ್ಲಿ ಉಳಿದಿರುವುದು ಅಂಚು ಕತ್ತರಿಸಿದ ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ದಿನಾಂಕವೂ ಇಲ್ಲ, ಲಿಂಕೂ ಇಲ್ಲ. ಅಷ್ಟನ್ನೇ ಇಟ್ಟುಕೊಂಡು ತನಿಖಾಧಿಕಾರಿ ಕಂಪನಿಗೆ ಏನೆಂದು ಬರೆಯಬೇಕು?

ಹಾಗಾಗಿ ರಿಪೋರ್ಟ್‌ಗೆ ಮೊದಲು ಹತ್ತು ನಿಮಿಷ ಸಂಗ್ರಹಕ್ಕೆ ಕೊಡಬೇಕು. ಪ್ರೊಫೈಲ್‌ನ ಲಿಂಕ್ ಮತ್ತು ಪೋಸ್ಟ್‌ನ ಲಿಂಕ್ ಎರಡನ್ನೂ ಕಾಪಿ ಮಾಡಿಡಿ. ಬಳಕೆದಾರರ ಹೆಸರನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು, ಹೆಸರೊಂದನ್ನೇ ನಂಬಬೇಡಿ. ಪ್ರೊಫೈಲ್ ತೆರೆಯುವಲ್ಲಿಂದ ಹಿಡಿದು ಪೋಸ್ಟ್, ಅದರ ಕೆಳಗಿನ ಕಾಮೆಂಟ್‌ವರೆಗೆ ಒಂದೇ ಓಟದಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ಬಿಡಿ ಸ್ಕ್ರೀನ್‌ಶಾಟ್‌ಗಳಿಗಿಂತ ಅದರ ಬೆಲೆ ಹೆಚ್ಚು. ವಾಟ್ಸ್‌ಆ್ಯಪ್ ಆದರೆ ಇಡೀ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಮೂಲ ಸಂದೇಶವನ್ನು ಅಳಿಸದೆ ಬಿಡಿ. ಟೆಲಿಗ್ರಾಂನಲ್ಲಿ ಎದುರಿನವರು ಎರಡೂ ಕಡೆಯಿಂದ ಅಳಿಸಿಹಾಕಬಲ್ಲರು, ಅಲ್ಲಿ ನಾಳೆ ನೋಡೋಣ ಎಂದರೆ ಆಗದು. ಒಂದು ಎಚ್ಚರಿಕೆ: ಚಿತ್ರ ಅಪ್ರಾಪ್ತ ಮಕ್ಕಳದ್ದಾಗಿದ್ದರೆ ಸಾಕ್ಷ್ಯಕ್ಕೆಂದೂ ಉಳಿಸಿಕೊಳ್ಳಬೇಡಿ, ಯಾರಿಗೂ ಕಳಿಸಬೇಡಿ. ಅಂಥದ್ದನ್ನು ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧವಾಗಬಹುದು. ಲಿಂಕ್ ಬರೆದುಕೊಂಡು ನೇರ ಪೊಲೀಸರಿಗೆ ಕೊಡಿ.

ಹೆಚ್ಚಿನ ಪ್ರಕರಣ ಸೊರಗುವುದು ಮುಂದಿನ ಹಂತದಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರವನ್ನೇ ಈಗಲೂ ಟೈಪ್ ಮಾಡಿಸಿ ತರುವವರಿದ್ದಾರೆ. ಹೊಸ ನಮೂನೆಯಲ್ಲಿ ಎ, ಬಿ ಎಂದು ಎರಡು ಭಾಗಗಳಿವೆ. ಎ ಭಾಗ ಫೋನ್ ಯಾರದೋ ಅವರದ್ದು: ಮಾಡೆಲ್, ಬಣ್ಣ, ಸೀರಿಯಲ್ ನಂಬರ್, ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಜೊತೆಗೆ ಕಡತದ ಹ್ಯಾಶ್ ಮೌಲ್ಯ. ಬಿ ಭಾಗಕ್ಕೆ ತಜ್ಞರ ಸಹಿ. ಹ್ಯಾಶ್ ಎಂದರೆ ಮೂಟೆಯ ಬಾಯಿಗೆ ಒತ್ತಿದ ಅರಗಿನ ಮುದ್ರೆ ಇದ್ದಂತೆ, ಒಳಗಿನದನ್ನು ಮುಟ್ಟಿದರೆ ಗೊತ್ತಾಗಿಬಿಡುತ್ತದೆ. ಎಸ್‌ಎಚ್‌ಎ-256 ವಿಧಾನದಲ್ಲಿ 64 ಅಕ್ಷರ-ಅಂಕಿಗಳ ಸಾಲೊಂದು ಬರುತ್ತದೆ. ಅದನ್ನು ತೆಗೆಯಲು ವಿಂಡೋಸ್ ಕಂಪ್ಯೂಟರಿನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಸೌಲಭ್ಯ ಸಾಕು, ಹಣ ಕೊಟ್ಟು ತಂತ್ರಾಂಶ ತರಬೇಕಿಲ್ಲ. ಎಡವುವುದು ಎಲ್ಲಿ ಅಂದರೆ, ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದಾಗ ಅದು ಕುಗ್ಗುತ್ತದೆ, ಹ್ಯಾಶ್ ಬೇರೆಯಾಗುತ್ತದೆ. ಕ್ರಾಪ್ ಮಾಡಿದರೂ ಅಷ್ಟೇ, ಬೇರೆ ಆ್ಯಪ್‌ನಲ್ಲಿ ತೆರೆದು ಸೇವ್ ಮಾಡಿದರೂ ಅಷ್ಟೇ. ಫೋನಿನಿಂದ ಕೇಬಲ್ ಹಾಕಿ ನಕಲು ಮಾಡಿ, ಕೂಡಲೇ ಹ್ಯಾಶ್ ತೆಗೆದು, ವರದಿಯ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ಕೇಸು ಮುಗಿಯುವವರೆಗೆ ಆ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಡಬೇಡಿ.

ಠಾಣೆಯ ವಿಚಾರ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಆ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಸಬ್-ಇನ್‌ಸ್ಪೆಕ್ಟರ್ (ಪಿಎಸ್‌ಐ) ಮಾತ್ರ ಇರುವ ಠಾಣೆಗಳು ಶಿವಮೊಗ್ಗದ ದಾರಿ ತೋರಿಸುವುದಕ್ಕೆ ಇದೊಂದು ಕಾರಣ. ಆದರೆ ತನಿಖೆ ಬೇರೆ, ದೂರು ದಾಖಲು ಬೇರೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಸಂಜ್ಞೇಯ (ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧದ ದೂರನ್ನು, ಕೃತ್ಯ ಎಲ್ಲಿಯೇ ನಡೆದಿರಲಿ, ಬರೆದುಕೊಳ್ಳಲೇಬೇಕು. ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ದೂರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಎಂದು ಮಾತ್ರ ಬರೆಸಬೇಡಿ. ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದ ಸೆಕ್ಷನ್ ಅದು, ಟೈಪಿಂಗ್ ಅಂಗಡಿಯ ಹಳೇ ನಮೂನೆಯಲ್ಲಿ ಇನ್ನೂ ಬದುಕಿದೆ. ಅದೇ ಕಾಯ್ದೆಯಲ್ಲಿ ನಕಲಿ ಖಾತೆಗೆ 66ಸಿ, 66ಡಿ, ಖಾಸಗಿ ಚಿತ್ರಕ್ಕೆ 66ಇ ಮತ್ತು 67ಎ ನೋಡಿ.

ಇ-ಮೇಲ್ ಮೂಲಕ ಕೊಟ್ಟ ದೂರಿಗೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಮಳೆಗಾಲದಲ್ಲಿ ಆಗುಂಬೆ ಕಡೆಯವರಿಗೆ ಈ ಮೂರು ದಿನ ಸುಲಭವಲ್ಲ. ಕರೆಂಟ್ ಹೋದರೆ ಟವರ್ರೂ ಹೋಗುತ್ತದೆ. ಶರಾವತಿ ಹಿನ್ನೀರಿನಾಚೆಯ ತುಮರಿಯವರಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದಮೇಲೆ ಲಾಂಚ್ ಕಾಯುವುದು ತಪ್ಪಿತು, ಸಿಗ್ನಲ್ ಕಾಯುವುದು ತಪ್ಪಿಲ್ಲ.

ಇನ್ನೊಂದು ಗಡುವು ಹೆಚ್ಚಿನವರ ಗಮನಕ್ಕೇ ಬಂದಿಲ್ಲ. ತೆಗೆದುಹಾಕಿದ ಪೋಸ್ಟನ್ನೂ ಅದರ ದಾಖಲೆಗಳನ್ನೂ ಕಂಪನಿ ತನಿಖೆಗಾಗಿ 180 ದಿನ ಇಟ್ಟಿರಬೇಕೆಂದು ನಿಯಮವಿದೆ. ತನಿಖಾ ಸಂಸ್ಥೆಯ ಲಿಖಿತ ಆದೇಶ ಹೋದರೆ 72 ಗಂಟೆಯೊಳಗೆ ಮಾಹಿತಿ ಕೊಡಬೇಕು. ಆದೇಶ ಹೋಗದೆ ಆರು ತಿಂಗಳು ಕಳೆದರೆ ಕಂಪನಿಯ ಬಳಿಯೂ ಏನೂ ಉಳಿಯದಿರಬಹುದು. ದೂರಿನ ಕೊನೆಯಲ್ಲಿ ಪೋಸ್ಟ್ ತೆಗೆದ ದಿನಾಂಕ ನಮೂದಿಸಿ, ದಾಖಲೆ ಕಾಯ್ದಿಡಲು ಕಂಪನಿಗೆ ಕೂಡಲೇ ಬರೆಯಿರಿ ಎಂದು ಒಂದು ಸಾಲು ಸೇರಿಸಿ.

ಉಳಿದದ್ದು ಬಿ ಭಾಗದ ಸಹಿ. ತಜ್ಞರು ಯಾರು ಎಂದು 63ನೇ ಸೆಕ್ಷನ್ ಬಿಡಿಸಿ ಹೇಳಿಲ್ಲ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಖಾಸಗಿಯವರು ಸಿಗುತ್ತಾರೆ. ಸೊರಬದ ಕೂಲಿ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಕುವೆಂಪು ವಿಶ್ವವಿದ್ಯಾಲಯದಲ್ಲಿ, ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕರಿದ್ದಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅವರಿಂದ ಒಂದು ಪಟ್ಟಿ ಮಾಡಿ, ಪ್ರತಿ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ವಾರಕ್ಕೊಂದು ದಿನ ಹ್ಯಾಶ್ ತೆಗೆದು ಉಚಿತವಾಗಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಮಾಡಲಿ. ಬೇಕಾಗುವುದು ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಕೇಬಲ್.

– ವಕೀಲ, ಸಾಗರ